ಆರು ತಿಂಗಳು ಬರೀ ದಾರ: ತೀರ್ಥಹಳ್ಳಿಯಲ್ಲಿ ನಾನು ಪಾರ್ಲರ್ ಕೆಲಸ ಕಲಿತ ಬಗೆ

ಕೆಲಸ ಕಲಿಯೋಕೆ ಅಂತ ನನ್ನ ಹತ್ತಿರ ಬರುವ ಹುಡುಗಿಯರಿಗೆ ಮೊದಲ ಆರು ತಿಂಗಳು ದಾರ, ಅಂದರೆ ನೂಲಿನಿಂದ ಹುಬ್ಬಿನ, ಮುಖದ ಕೂದಲು ಕೀಳುವ ಥ್ರೆಡಿಂಗ್, ಅದನ್ನು ಬಿಟ್ಟು ಬೇರೇನನ್ನೂ ಮುಟ್ಟಲು ಬಿಡುವುದಿಲ್ಲ. ಫೇಶಿಯಲ್ ಇಲ್ಲ, ಕತ್ತರಿ ಇಲ್ಲ, ಮೇಕಪ್ ಪೆಟ್ಟಿಗೆಯ ಹತ್ತಿರಕ್ಕೂ ಇಲ್ಲ. ಇದಕ್ಕೆ ನಕ್ಕವರು ಶಿವಮೊಗ್ಗದಲ್ಲಿದ್ದಾರೆ, ನಮ್ಮೂರಲ್ಲೂ ಇದ್ದಾರೆ. ನಾನು ಶುರು ಮಾಡಿದಾಗಲೇ ಒಬ್ಬರು, ಈ ಲೈನಿನಲ್ಲಿ ನನಗಿಂತ ಹಳಬರು, "ಬರೀ ಹುಬ್ಬು ತೀಡಿ ಬಾಡಿಗೆ ಕಟ್ತೀಯಾ ಮಾರಾಯ್ತಿ?" ಅಂದಿದ್ದರು. ಕಟ್ಟಿದೆ. ಈಗ ನನ್ನ ಕೈಕೆಳಗೆ ಕಲಿತ ಕೋಣಂದೂರು ಕಡೆಯ ಹುಡುಗಿ ಸ್ವಂತ ಅಂಗಡಿ ಹಾಕಿ ಎರಡು ಮಳೆಗಾಲ ದಾಟಿದ್ದಾಳೆ. ಮಲೆನಾಡಲ್ಲಿ ಪಾರ್ಲರ್ ನಡೆಸಿದವರಿಗೆ ಎರಡು ಮಳೆಗಾಲ ಅಂದರೆ ಏನು ಅಂತ ನಾನು ಹೇಳಬೇಕಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಕಲಿಯಬೇಕು ಅಂದುಕೊಂಡದ್ದು 2015–16ರ ಸುಮಾರಿಗೆ. ವಿಚಾರಿಸಿದ ಕಡೆ ಮೂರು ತಿಂಗಳ ಕೋರ್ಸಿಗೆ ಮೂವತ್ತೈದು, ನಲವತ್ತು ಸಾವಿರ ಹೇಳಿದರು. ಐಬ್ರೋದಿಂದ ಬ್ರೈಡಲ್‌ವರೆಗೆ ಎಲ್ಲವೂ ಅದರಲ್ಲೇ. ಹಾಗೆ ಕಲಿತು ಬಂದ ಒಂದಿಬ್ಬರನ್ನು ನೋಡಿದ್ದೆ. ಗೋಡೆ ಮೇಲೆ ಸರ್ಟಿಫಿಕೇಟು, ದಾರ ಹಿಡಿದರೆ ಕೈ ನಡುಕ. ಹಳ್ಳಿಯವರಿಗೆ ಸ್ವಂತ ಉದ್ಯೋಗ ಕಲಿಸಲು ಬ್ಯಾಂಕುಗಳು ನಡೆಸುವ ಆರ್‌ಸೆಟಿ ತರಬೇತಿ ಇದೆಯಲ್ಲ, ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಅಂತ ಶುರುವಾಗಿ ಆಮೇಲೆ ಜಿಲ್ಲೆಜಿಲ್ಲೆಗೂ ಹಬ್ಬಿದ್ದು, ಅದು ಊಟ ವಸತಿ ಸಮೇತ ಉಚಿತ. ಆದರೆ ತಿಂಗಳು ಅಲ್ಲೇ ಉಳಿಯಬೇಕು. ಮಗು ಚಿಕ್ಕದು, ಅತ್ತೆಗೆ ಮಂಡಿನೋವು, ಆಗಲಿಲ್ಲ. ಹೋಗಲು ಆಗುವವರು ಖಂಡಿತ ಹೋಗಿ. ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐಯಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸೂ ಇದೆ. ಆದರೆ ಎಲ್ಲಿ ಕಲಿತರೂ ಕೈ ಕೂರುವುದು ಆಮೇಲೇ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪಾರ್ಲರ್ ಕೆಲಸಕ್ಕಿದ್ದ ನಮ್ಮ ಸಂಬಂಧಿಕರೊಬ್ಬರ ಹತ್ತಿರ ವಾರದ ಮಟ್ಟಿಗೆ ಹೋಗಿ ದಾರ ಹಿಡಿಯುವುದೊಂದನ್ನೇ ನೋಡಿಕೊಂಡು ಬಂದೆ. ಅಷ್ಟೇ ನನ್ನ ಗುರುಕುಲ. ನಲವತ್ತನೇ ನಂಬರ್ ದಾರ, ಏಳೆಂಟು ಸುತ್ತು, ಉಳಿದದ್ದೆಲ್ಲ ನನ್ನ ಕಾಲಿನ ಮೇಲೆ. ಮೊಣಕಾಲಿನ ಕೆಳಗೆ ಬಾಲ್‌ಪೆನ್ನಿನಲ್ಲಿ ಹುಬ್ಬಿನ ಹಾಗೆ ಒಂದು ಬಾಗಿದ ಗೆರೆ ಎಳೆಯುವುದು, ಗೆರೆಯ ಮೇಲಿನ ಕೂದಲು ಮಾತ್ರ ತೆಗೆಯುವುದು, ಕೆಳಗಿನ ಒಂದನ್ನೂ ಮುಟ್ಟಬಾರದು. ಕೇಳಲು ಸುಲಭ. ಮೊದಲ ತಿಂಗಳು ಕಾಲು ಕೆಂಪು ಚುಕ್ಕೆಚುಕ್ಕೆಯಾಗಿ, ಉಂಬಳ (ಜಿಗಣೆ) ಕಚ್ಚಿದ್ದಾ ಅಂತ ಅತ್ತೆ ಕೇಳುತ್ತಿದ್ದರು. ಕಾಲಿನ ಕೂದಲು ಮುಗಿದರೆ ಮುಂಗೈ. ಅಲ್ಲಿಯ ಕೂದಲು ತೆಳು, ದಾರಕ್ಕೆ ಸಿಗದೆ ಜಾರುತ್ತದೆ. ಅಪ್ಪರ್ ಲಿಪ್‌ಗೆ ಬೇಕಾದ ಕೈ ಅಲ್ಲೇ ಬರುತ್ತದೆ. ಮುಂಗೈ ಮೇಲೆ ಕತ್ತರಿಸದೆ ಬುಡಸಮೇತ ಕೀಳಲು ಬಂದಮೇಲೆ ಮುಖಕ್ಕೆ ಹೋಗಬಹುದು, ಅದಕ್ಕೆ ಮುಂಚೆ ಅಲ್ಲ. ದಾರ ಕೂದಲನ್ನು ಅರ್ಧಕ್ಕೇ ತುಂಡು ಮಾಡುತ್ತಿದ್ದರೆ ಸುತ್ತು ಜಾಸ್ತಿಯಾಗಿದೆ ಅಥವಾ ಕೋನ ತಪ್ಪಿದೆ ಅಂತ ಅರ್ಥ. ಅಂಥ ಹುಬ್ಬು ನಾಲ್ಕೇ ದಿನಕ್ಕೆ ಕುರುಚಲು ಬರುತ್ತದೆ, ಗಿರಾಕಿ ಮತ್ತೆ ಬರುವುದಿಲ್ಲ.

ಹುಬ್ಬು ಎಲ್ಲಿ ಶುರುವಾಗಬೇಕು, ಎಲ್ಲಿ ಬಾಗಬೇಕು, ಎಲ್ಲಿ ಮುಗಿಯಬೇಕು ಅಂತ ಮೂಗಿನ ಪಕ್ಕದಿಂದ ಹಿಡಿಯುವ ಮೂರು ಗೆರೆಯ ಲೆಕ್ಕ ಈ ಕೆಲಸದವರಿಗೆಲ್ಲ ಗೊತ್ತು. ಆದರೆ ವಯಸ್ಸಾದವರ ಚರ್ಮ ಸಡಿಲ ಇರುವಾಗ ಆ ಲೆಕ್ಕ ಕೈಕೊಡುತ್ತದೆ. ಅವರು ಬೆರಳಿನಲ್ಲಿ ಎಳೆದು ಹಿಡಿದಾಗ ಹುಬ್ಬು ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ. ಅದಕ್ಕೆ ನಾನು ಗುರುತು ಹಾಕುವ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಆಗ ಐಬ್ರೋಗೆ ಇಪ್ಪತ್ತೈದು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಮೊದಲ ಒಂದೆರಡು ತಿಂಗಳು ಸ್ವಸಹಾಯ ಸಂಘದ ಹೆಂಗಸರಿಗೆ ಪುಕ್ಕಟೆ ಮಾಡಿದೆ. ಒಂದು ಜೋಡಿ ಹುಬ್ಬಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು, ಪಾಪ ಕೂತಿರುತ್ತಿದ್ದರು. ಕೈ ಐದಾರು ನಿಮಿಷಕ್ಕೆ ಬಂದಮೇಲೆ ಕೋಣೆ ಹಿಡಿದೆ, ಬಾಡಿಗೆ ಸಾವಿರದ ಐನೂರು. ದಾರದ ಉಂಡೆ ಐವತ್ತು ರೂಪಾಯಿಯ ಆಸುಪಾಸು, ಅದು ಎಷ್ಟೋ ವಾರ ಬರುತ್ತದೆ. ಪೌಡರ್, ಅಲೋವೆರಾ ಜೆಲ್, ಒಂದು ಕನ್ನಡಿ, ಮನೆಯ ಮರದ ಕುರ್ಚಿಗೆ ದಿಂಬು ಕಟ್ಟಿದ್ದು. ಇಷ್ಟೇ ಬಂಡವಾಳ, ಎಲ್ಲ ಸೇರಿ ಮೂರು ಸಾವಿರ ದಾಟಿರಲಿಕ್ಕಿಲ್ಲ. ಸಂತೆ ದಿನ ಹತ್ತು ಹನ್ನೆರಡು ಜನ, ಉಳಿದ ದಿನ ಮೂರೋ ನಾಲ್ಕೋ. ತಿಂಗಳಿಗೆ ಬಾಡಿಗೆ ಹೋಗಿ ಸಾವಿರವೋ ಸಾವಿರದ ಐನೂರೋ ಉಳಿಯುತ್ತಿತ್ತು. ದೊಡ್ಡದಲ್ಲ, ಆದರೆ ಸಾಲದ ಕಂತು ಇಲ್ಲದ ದುಡ್ಡು. ಕೋರ್ಸಿಗೆ ನಲವತ್ತು ಸಾವಿರ ಕೊಟ್ಟವರು ಆಗಿನ್ನೂ ಬಡ್ಡಿ ಕಟ್ಟುತ್ತಿದ್ದರು.

ದಾರದ ದುಡ್ಡಿನಲ್ಲಿ ವ್ಯಾಕ್ಸ್ ಹೀಟರ್ ಬಂತು. ನಾನು ಅತಿ ಹೆಚ್ಚು ಸೋತದ್ದು ಇಲ್ಲೇ. ಡಬ್ಬಿ ವ್ಯಾಕ್ಸ್ ದುಬಾರಿ ಅಂತ ಸಕ್ಕರೆ, ನಿಂಬೆಹುಳಿ, ನೀರು ಕಾಯಿಸಿ ಮನೆಯಲ್ಲೇ ಮಾಡಲು ಹೊರಟೆ. ಬೇಸಿಗೆಯಲ್ಲಿ ಅದ್ಭುತವಾಗಿ ಬಂತು. ಜೂನ್ ಹಿಡಿದ ಕೂಡಲೇ ಅದೇ ಪಾಕ ಕೈಗೆ, ಬಟ್ಟೆಗೆ, ಕುರ್ಚಿಗೆ ಎಲ್ಲಕ್ಕೂ ಅಂಟಿತು, ಕೂದಲಿಗೆ ಮಾತ್ರ ಅಂಟಲಿಲ್ಲ! ಸಕ್ಕರೆ ಗಾಳಿಯ ನೀರನ್ನು ಹೀರುತ್ತದೆ, ಆಗುಂಬೆಯ ಮಗ್ಗುಲಲ್ಲಿ ಕೂತು ಆ ಗಾಳಿಯಿಂದ ತಪ್ಪಿಸಿಕೊಳ್ಳುವುದು ಹೇಗೆ? ಎಷ್ಟೋ ಕಿಲೋ ಸಕ್ಕರೆ ಬಚ್ಚಲಿಗೆ ಸುರಿದೆ. ಬೆಲ್ಲ ಹಾಕಿ ನೋಡಿದೆ, ಬಣ್ಣ ಚೆಂದ, ಕೆಲಸ ಸೊನ್ನೆ. ಕೊನೆಗೆ ದಾರಿ ಆದದ್ದು ಪಾಕವನ್ನು ಇನ್ನೂ ಒಂದು ಹದ ಮುಂದಕ್ಕೆ ಒಯ್ದು ಗಟ್ಟಿ ಮಾಡಿಕೊಂಡು, ಸಣ್ಣ ಸಣ್ಣ ಡಬ್ಬಿಗೆ ತುಂಬಿ, ಗಾಳಿ ಆಡದ ಹಾಗೆ ಮುಚ್ಚಿ, ಆ ಹೊತ್ತಿಗೆ ಬೇಕಾದ ಒಂದನ್ನೇ ತೆರೆದಾಗ. ಹಚ್ಚುವ ಮುಂಚೆ ಚರ್ಮದ ಮೇಲೆ ಪೌಡರ್ ಚೆನ್ನಾಗಿ ಕೂರಬೇಕು, ಇಲ್ಲದಿದ್ದರೆ ಮಳೆಯಲ್ಲಿ ನೆನೆದು ಬಂದ ಕಾಲಿಗೆ ಯಾವ ವ್ಯಾಕ್ಸೂ ಹಿಡಿಯುವುದಿಲ್ಲ. ಪಾಕಕ್ಕೆ ಇನ್ನೊಂದು ಪದಾರ್ಥ ಚೂರು ಸೇರಿಸುತ್ತೇನೆ. ಯಾವುದು ಅಂತ ನನ್ನ ಹುಡುಗಿಯರಿಗೆ ಮಾತ್ರ ಗೊತ್ತು.

ಉಂಬಳ ಕಚ್ಚಿದ ಜಾಗಕ್ಕೆ ವ್ಯಾಕ್ಸ್ ಹಚ್ಚಲೇಬೇಡಿ. ರಕ್ತ ನಿಂತಂತೆ ಕಂಡರೂ ಕಡಿತ ವಾರಗಟ್ಟಲೆ ಇರುತ್ತದೆ, ಎಳೆದರೆ ಮತ್ತೆ ಬಾಯಿ ಬಿಡುತ್ತದೆ. ಶಿವಮೊಗ್ಗದಲ್ಲಿ ಕಲಿಸುವವರಿಗೆ ಈ ಸಮಸ್ಯೆ ಎದುರಾಗುವುದೇ ಕಡಿಮೆ, ನಮಗೆ ಜುಲೈನಲ್ಲಿ ಬರುವ ಕಾಲುಗಳಲ್ಲಿ ಅರ್ಧ ಅಂಥವೇ.

ಟವೆಲ್ ಬಗ್ಗೆ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಆಷಾಢದಲ್ಲಿ ಟರ್ಕಿ ಟವೆಲ್ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತದೆ. ಗಿರಾಕಿ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಬೇರೆ ಕಡೆ ಹೋಗುತ್ತಾಳೆ. ನಾನು ಟರ್ಕಿ ಟವೆಲನ್ನೇ ಬಿಟ್ಟು ಹಳೇ ಪಂಚೆಗಳನ್ನು ಕತ್ತರಿಸಿ ಅಂಚು ಹೊಲಿಸಿಕೊಂಡೆ. ರಾತ್ರಿ ಬಚ್ಚಲೊಲೆ ಕಾವಿಗೆ ಹಗ್ಗ ಕಟ್ಟಿ ಹಾಕಿದರೆ ಬೆಳಿಗ್ಗೆಗೆ ಗರಿಗರಿ. ಹೊಗೆ ವಾಸನೆ ಹತ್ತದ ಹಾಗೆ ಒಲೆಯಲ್ಲಿ ಕೆಂಡ ಮಾತ್ರ ಇರಬೇಕು. ನೋಡಿ ನಕ್ಕವರೇ ಈಗ ಪಂಚೆ ಕೇಳಿಕೊಂಡು ಬರುತ್ತಾರೆ.

ಅಡಿಕೆ ಸುಲಿಯುವ ಕಾಲದಲ್ಲಿ ಒಂದು ಪ್ರಯೋಗ ಮಾಡಿದೆ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಬೆರಳು ಅಡಿಕೆಯ ಚೊಗರಿನಿಂದ (ಒಗರು ರಸದಿಂದ) ಕಪ್ಪಾಗಿರುತ್ತದೆ, ಮದುವೆ ಊಟಕ್ಕೆ ಕೈ ಚಾಚಲು ನಾಚಿಕೆ. ಮಾಮೂಲಿ ಮ್ಯಾನಿಕ್ಯೂರಿಗೆ ಅದು ಜಗ್ಗುವುದಿಲ್ಲ. ಅಡಿಕೆಯ ಒಗರು ಕತ್ತಿಯ ಕಬ್ಬಿಣಕ್ಕೆ ಸೇರಿಯೇ ಆ ಕಪ್ಪು ಹುಟ್ಟುವುದು, ಹಾಗಾಗಿ ಹುಳಿ ಬೇಕು. ನಿಂಬೆರಸದಲ್ಲಿ ಬೆರಳು ಅದ್ದಿಸಿ, ಸಕ್ಕರೆಯಲ್ಲಿ ಮೆಲ್ಲಗೆ ಉಜ್ಜಿ, ತೊಳೆದು, ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿದರೆ ಮುಕ್ಕಾಲು ಪಾಲು ಇಳಿಯುತ್ತದೆ. ಕತ್ತಿ ತಾಗಿ ಗಾಯವಾದ ಕೈಗೆ ಬೇಡ, ಉರಿದು ಎದ್ದು ಹೋಗುತ್ತಾರೆ. ನೂರು ರೂಪಾಯಿಗೆ ಶುರು ಮಾಡಿದ್ದು, ಡಿಸೆಂಬರ್ ಜನವರಿಯಲ್ಲಿ ಈಗ ಐಬ್ರೋದಷ್ಟೇ ಓಡುತ್ತದೆ. ದಾಸವಾಳದ ಸೊಪ್ಪು, ಮತ್ತಿ ಸೊಪ್ಪಿನ ಲೋಳೆಯಲ್ಲಿ ತಲೆ ತೊಳೆಯುವ ಪ್ಯಾಕೇಜನ್ನೂ ಹಾಕಿ ನೋಡಿದೆ. ಕೂದಲಿಗೆ ಒಳ್ಳೆಯದೇ, ಆದರೆ "ಇದನ್ನ ಮನೇಲೇ ಮಾಡ್ಕೊಳ್ತೀವಲ್ಲ ಅಕ್ಕಾ" ಅಂದರು. ಬೆಂಗಳೂರಿಂದ ರಜೆಗೆ ಬಂದವರು ಮಾತ್ರ ದುಡ್ಡು ಕೊಟ್ಟು ಹಾಕಿಸಿಕೊಂಡರು.

ಕತ್ತರಿ ಹಿಡಿದದ್ದು ಎರಡನೇ ವರ್ಷ. ಡಮ್ಮಿ ತಲೆಗೆ ಮೂರು ಸಾವಿರದ ಹತ್ತಿರ ಹೇಳಿದರು, ತೆಗೆದುಕೊಳ್ಳಲಿಲ್ಲ. ಆ ದುಡ್ಡನ್ನು ಕತ್ತರಿಗೇ ಹಾಕಿದೆ. ಅಗ್ಗದ ಕತ್ತರಿ ಕೂದಲನ್ನು ಮಡಚುತ್ತದೆ, ಕಲಿಯುವವರು ತಮ್ಮ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ನಮ್ಮ ಕಡೆ ಕೇಳುವುದು ಹೆಚ್ಚಾಗಿ ಯು ಕಟ್, ಆಮೇಲೆ ಸ್ಟೆಪ್. ಗುಂಗುರು ಕೂದಲು ಒದ್ದೆ ಇದ್ದಾಗ ತೋರುವ ಉದ್ದಕ್ಕಿಂತ ಒಣಗಿದಾಗ ಒಂದೆರಡು ಇಂಚು ಮೇಲೇರುತ್ತದೆ, ಅಷ್ಟನ್ನು ಬಿಟ್ಟೇ ಕತ್ತರಿಸಿ.

ಹೇರ್ ಡೈ ಬಗ್ಗೆ ಒಂದೇ ಮಾತು. ಹೆಚ್ಚಿನ ಕಪ್ಪು ಡೈಯಲ್ಲಿ ಪಿಪಿಡಿ ಅನ್ನುವ, ಕೆಲವರಿಗೆ ಅಲರ್ಜಿ ಮಾಡುವ ರಾಸಾಯನಿಕ ಇರುತ್ತದೆ, ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯದೆ ತಲೆಗೆ ಹಾಕುವುದಿಲ್ಲ. ನಾಳೆಯೇ ಮದುವೆ ಅಂತ ಬಂದವರನ್ನು ವಾಪಸು ಕಳಿಸಿದ್ದೇನೆ, ಬೈಸಿಕೊಂಡಿದ್ದೇನೆ. ಕಪ್ಪು ಮೆಹಂದಿ ಅಂತ ಮಾರುವುದಕ್ಕೂ ಇದೇ ನಿಯಮ.

2020ರಲ್ಲಿ ಕೊರೊನಾ ಬಂದು ಬಾಗಿಲು ಮುಚ್ಚಿದಾಗ ಕೂತಿದ್ದು ಸಾಕಷ್ಟು ದಿನ. ಆಗಲೇ ದಾರವನ್ನು ಹಲ್ಲಿನಲ್ಲಿ ಕಚ್ಚುವುದನ್ನು ಬಿಟ್ಟು ಕುತ್ತಿಗೆಗೆ ಕಟ್ಟಿಕೊಂಡು ಎಳೆಯುವುದನ್ನು ಅಭ್ಯಾಸ ಮಾಡಿದೆ, ಮತ್ತೆ ಅದೇ ಕಾಲಿನ ಮೇಲೆ. ತೆರೆದ ಮೇಲೆ ಗಿರಾಕಿಗಳು ಮೊದಲು ಗಮನಿಸಿದ್ದು ಅದನ್ನೇ. ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ಸಾಲ, ಐವತ್ತು ಸಾವಿರದವರೆಗೆ ಕೊಡುವುದು, ಅದನ್ನು ತೆಗೆದುಕೊಂಡದ್ದೂ ಆಮೇಲೇ. ಕುರ್ಚಿ, ಸ್ಟೀಮರ್, ಬೇಸಿನ್ ಎಲ್ಲ ಅದರಲ್ಲಿ. ತೀರಿಸುವಷ್ಟು ಗಿರಾಕಿ ಇದ್ದ ಮೇಲೆ ಸಾಲ ಮಾಡಿದ್ದರಿಂದ ನಿದ್ದೆ ಕೆಡಲಿಲ್ಲ. ಬ್ರೈಡಲ್ ಎಲ್ಲಕ್ಕಿಂತ ಕೊನೆಗೆ ಕಲಿತೆ, ಅದರ ಕತೆ ಬೇರೆಯೇ ಬರೆಯಬೇಕು.

ಕೋಣಂದೂರಿನ ಹುಡುಗಿಗೂ ಇದೇ ಕ್ರಮ. ಮೂರನೇ ತಿಂಗಳಿಗೆ ಅಳುತ್ತಾ "ಅಕ್ಕಾ, ಫೇಶಿಯಲ್ ಆದ್ರೂ ಹೇಳಿಕೊಡಿ" ಅಂದಳು. ಕೊಡಲಿಲ್ಲ. ಅವಳ ಅಮ್ಮ ಫೋನ್ ಮಾಡಿ, "ಎಂತ ಕಲಿಸ್ತಿದೀರಿ ಮಾರಾಯ್ರೆ, ಬರೀ ನೂಲು ಎಳೆಸ್ತೀರಂತೆ" ಅಂತ ಜಗಳ ತೆಗೆದರು. ಆರನೇ ತಿಂಗಳಿಗೆ ಗಿರಾಕಿಗಳು ನನ್ನನ್ನು ಬಿಟ್ಟು ಅವಳ ಕೈಯಲ್ಲೇ ಮಾಡಿಸಿಕೊಳ್ಳುತ್ತೇವೆ ಅನ್ನಲು ಶುರು ಮಾಡಿದರು. ನನಗೆ ಸ್ವಲ್ಪ ಹೊಟ್ಟೆ ಉರಿದದ್ದು ಹೌದು. ಫೇಶಿಯಲ್ಲನ್ನು ಆಮೇಲೆ ಅವಳು ಹದಿನೈದು ದಿನದ ಒಳಗೇ ಕಲಿತಳು. ಬೆರಳಿಗೆ ಚರ್ಮದ ಪರಿಚಯ ಆಗಿತ್ತಲ್ಲ, ಎಲ್ಲಿ ಎಷ್ಟು ಒತ್ತಬೇಕು ಅಂತ ಹೇಳಬೇಕಾಗಲೇ ಇಲ್ಲ.

ಈಗಲೂ ಕಲಿಯಲು ಕೇಳುವವರಿಗೆ ನನ್ನ ಕರಾರು ಇಷ್ಟು: ಫೀಸು ಇಲ್ಲ. ಮೊದಲ ತಿಂಗಳ ದಾರ ಅವರೇ ತರಬೇಕು. ಗಿರಾಕಿಯ ಮುಖ ಮುಟ್ಟುವ ಮುಂಚೆ ಅವರ ಮುಂಗೈಯನ್ನು ನಾನು ನೋಡುತ್ತೇನೆ, ತುಂಡಾದ ಕೂದಲು ಕಂಡರೆ ಇನ್ನೊಂದು ತಿಂಗಳು ಅಲ್ಲೇ. ಐಬ್ರೋಗೆ ಈಗ ಐವತ್ತು ರೂಪಾಯಿ, ಅವರು ಮಾಡಿದ್ದರಲ್ಲಿ ಅರ್ಧ ಅವರಿಗೆ, ಅವತ್ತಿನದು ಅವತ್ತೇ ಸಂಜೆ ಕೈಗೆ. ಮಳೆಗಾಲದಲ್ಲಿ ಸೇರುವವರಿಗೆ ಪಂಚೆ ಒಣಗಿಸುವ ಕೆಲಸವೂ ಪಾಠದಲ್ಲೇ ಸೇರಿದೆ.