ಮೇ ರಜೆಗೆ ಸ್ಕಾಟ್ಲೆಂಡ್: ಮ್ಯಾಂಚೆಸ್ಟರ್‌ನಲ್ಲಿ ಇಳಿಯಿರಿ, ಎಡಿನ್‌ಬರ್ಗ್‌ನಲ್ಲಿ ವಿಮಾನ ಹತ್ತಿ

ಬ್ರಿಟನ್ ಪ್ರವಾಸ ಅಂದರೆ ನಮ್ಮಲ್ಲಿ ಹೆಚ್ಚಿನವರು ಲಂಡನ್‌ನಲ್ಲಿ ಇಳಿಯುತ್ತಾರೆ. ನಡುವೆ ಎರಡು ದಿನ ಸ್ಕಾಟ್ಲೆಂಡಿಗೆ ಓಡಿಹೋಗಿ, ಮತ್ತೆ ಲಂಡನ್‌ಗೆ ವಾಪಸ್ಸಾಗುತ್ತಾರೆ. ಮಕ್ಕಳು, ಅಜ್ಜ-ಅಜ್ಜಿ ಜೊತೆಗಿದ್ದರೆ ಈ ಓಡಾಟದಲ್ಲೇ ಅರ್ಧ ರಜೆ ಮುಗಿಯುತ್ತದೆ. ಈ ಸಲ ಲಂಡನ್ ಬಿಟ್ಟುಬಿಡಿ. ಉತ್ತರ ಇಂಗ್ಲೆಂಡಿನಿಂದ ಶುರು ಮಾಡಿ, ಒಂದೇ ದಿಕ್ಕಿನಲ್ಲಿ ಮೇಲಕ್ಕೆ ಹೋಗಿ. ಹನ್ನೆರಡು-ಹದಿಮೂರು ದಿನ ಸಾಕು.

1. ತಿಂಗಳು ಗೊತ್ತುಮಾಡಿ

ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಈ ಪ್ರವಾಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದವರೆಗೆ ಹೋಗಿ ಬನ್ನಿ. ಆಗ ಅಲ್ಲಿನ ಮಕ್ಕಳು ಶಾಲೆಯಲ್ಲಿರುತ್ತಾರೆ, ಹಾಗಾಗಿ ಜನಜಂಗುಳಿ ಕಡಿಮೆ. ಮೇ ಕೊನೆಯ ವಾರ ಇಂಗ್ಲೆಂಡಿನ ಶಾಲೆಗಳಿಗೆ ಸಣ್ಣ ರಜೆ ಬರುತ್ತದೆ, ಅಷ್ಟರೊಳಗೆ ಪ್ರವಾಸ ಮುಗಿಸಿ. ಸ್ಕಾಟ್ಲೆಂಡಿನ ಪಶ್ಚಿಮದ ಬೆಟ್ಟಗಳಲ್ಲಿ ಮಳೆ ಕಡಿಮೆ ಇರುವ ತಿಂಗಳುಗಳಲ್ಲಿ ಮೇ ಒಂದು. ಕತ್ತಲಾಗುವುದು ರಾತ್ರಿ 9 ಗಂಟೆ ದಾಟಿದ ಮೇಲೆ.

ಇನ್ನೊಂದು ದೊಡ್ಡ ಲಾಭವೆಂದರೆ ಆಗ ನೊರಜು ಕಡಿಮೆ. ಅಲ್ಲಿ ಅದಕ್ಕೆ ಮಿಡ್ಜ್ ಅನ್ನುತ್ತಾರೆ. ಜೂನ್ ಬಂತೆಂದರೆ ಹೈಲ್ಯಾಂಡ್ಸ್ ಅನ್ನುವ ಉತ್ತರ ಸ್ಕಾಟ್ಲೆಂಡಿನ ಬೆಟ್ಟನಾಡಿನಲ್ಲಿ ಗಾಳಿ ಇಲ್ಲದ ತೇವದ ಸಂಜೆಗಳಲ್ಲಿ ಇವು ಮೋಡದಂತೆ ಮುತ್ತಿಕೊಂಡು ಕಚ್ಚುತ್ತವೆ. ಮೇ ಮೊದಲ ಭಾಗದಲ್ಲಿ ಈ ಕಾಟ ಅಷ್ಟಾಗಿ ಇರುವುದಿಲ್ಲ. ಆಗಸ್ಟ್ ಅಂತೂ ಬೇಡವೇ ಬೇಡ. 1947ರಿಂದ ನಡೆಯುತ್ತಿರುವ ಎಡಿನ್‌ಬರ್ಗ್ ಉತ್ಸವದ ಸಮಯದಲ್ಲಿ ರೂಮ್ ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ.

2. ವೀಸಾ

ಯುರೋಪಿನ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಬೇಕು. ಸ್ಕಾಟ್ಲೆಂಡಿಗೂ ಅದೇ ಸಾಕು. ಹೊರಡುವ ದಿನಕ್ಕಿಂತ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಉತ್ತರಕ್ಕೆ ಸಾಮಾನ್ಯವಾಗಿ ಮೂರು ವಾರ ಬೇಕು. ಬೆರಳಚ್ಚು, ಫೋಟೊ ಕೊಡಲು ಬೆಂಗಳೂರಿನಲ್ಲೇ ಕೇಂದ್ರವಿದೆ. ಕೈಕೂಸಿಗೂ ಬೇರೆ ಅರ್ಜಿ, ಬೇರೆ ಶುಲ್ಕ. ಆದ್ದರಿಂದ ಖರ್ಚಿನ ಲೆಕ್ಕ ಇಲ್ಲಿಂದಲೇ ಶುರು ಮಾಡಿ.

3. ಒಂದು ಊರಲ್ಲಿ ಇಳಿದು ಇನ್ನೊಂದರಿಂದ ಹೊರಡಿ

ಬೆಂಗಳೂರಿನಿಂದ ದೋಹಾ ಅಥವಾ ದುಬೈ ಮೂಲಕ ಮ್ಯಾಂಚೆಸ್ಟರ್‌ಗೂ ಹೋಗಬಹುದು, ಎಡಿನ್‌ಬರ್ಗ್‌ಗೂ ಹೋಗಬಹುದು. ಟಿಕೆಟ್ ತೆಗೆಯುವಾಗ 'ಮಲ್ಟಿ ಸಿಟಿ' ಒತ್ತಿ, ಹೋಗುವಾಗ ಮ್ಯಾಂಚೆಸ್ಟರ್, ಬರುವಾಗ ಎಡಿನ್‌ಬರ್ಗ್ ಹಾಕಿ. ಬಂದ ದಾರಿಗೆ ಮತ್ತೆ ಹಿಂದಿರುಗುವ ಒಂದು ದಿನ ಉಳಿಯುತ್ತದೆ.

ತಂಗುವ ಊರು ಜಾಸ್ತಿ ಆಗಬಾರದು. ಯಾರ್ಕ್‌ನಲ್ಲಿ ಮೂರು ರಾತ್ರಿ, ನ್ಯೂಕ್ಯಾಸಲ್‌ನಲ್ಲಿ ಒಂದೆರಡು, ಎಡಿನ್‌ಬರ್ಗ್‌ನಲ್ಲಿ ನಾಲ್ಕು, ಹೈಲ್ಯಾಂಡ್ಸ್‌ನ ಫೋರ್ಟ್ ವಿಲಿಯಂ ಸುತ್ತಮುತ್ತ ಮೂರು. ಉತ್ತರ ಇಂಗ್ಲೆಂಡಿನ ಸರೋವರಗಳ ಸೀಮೆ ಲೇಕ್ ಡಿಸ್ಟ್ರಿಕ್ಟ್ ಎಲ್ಲಿ ಹೋಯಿತು ಅಂತ ಕೇಳುತ್ತೀರಿ, ಅಲ್ವಾ? ವಿಂಡರ್ಮಿಯರ್ ಸರೋವರದ ದೋಣಿ, ಕವಿ ವರ್ಡ್ಸ್‌ವರ್ತ್ ಇದ್ದ ಗ್ರಾಸ್ಮಿಯರ್ ಎಲ್ಲ ಚೆನ್ನಾಗಿವೆ. ಆದರೆ ಮುಂದೆ ಹೈಲ್ಯಾಂಡ್ಸ್‌ನಲ್ಲಿ ಬೆಟ್ಟ, ಸರೋವರ ಕಣ್ತುಂಬ ಸಿಗುತ್ತವೆ. ಎರಡರಲ್ಲಿ ಒಂದು ಅಂದರೆ ನನ್ನ ಮತ ಯಾರ್ಕ್‌ಗೆ.

4. ರೈಲು ಟಿಕೆಟ್

ಇಂಗ್ಲೆಂಡಿನಲ್ಲಿ ಕಾರು ಬೇಡ, ರೈಲು ಸಾಕು. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲೇ ರೈಲು ನಿಲ್ದಾಣವಿದೆ. ಯಾರ್ಕ್‌ಗೆ ನೇರ ರೈಲೂ ಇದೆ. ಅಡ್ವಾನ್ಸ್ ಟಿಕೆಟ್ ಸುಮಾರು 12 ವಾರ ಮೊದಲು ಮಾರಾಟಕ್ಕೆ ಬರುತ್ತದೆ. ದರ ಅಗ್ಗ, ಆದರೆ ಆ ರೈಲನ್ನೇ ಹತ್ತಬೇಕು, ನಡುವೆ ಇಳಿಯುವಂತಿಲ್ಲ. ಹಾಗಾಗಿ ಮೊದಲ ದಿನಕ್ಕೆ ಮಾತ್ರ ಇದು ಬೇಡ. ವಿಮಾನ ತಡವಾದರೆ ಟಿಕೆಟ್ ದುಡ್ಡು ಹೋದಂತೆ.

'ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್' ಆನ್‌ಲೈನ್‌ನಲ್ಲಿ ಕೊಂಡುಕೊಳ್ಳಿ, ಪ್ರವಾಸಿಗರಿಗೂ ಸಿಗುತ್ತದೆ. ಒಂದು ಕಾರ್ಡಿನಲ್ಲಿ ನಾಲ್ಕು ದೊಡ್ಡವರು, 5ರಿಂದ 15 ವರ್ಷದ ನಾಲ್ಕು ಮಕ್ಕಳು ಹೋಗಬಹುದು. ದೊಡ್ಡವರಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ ಶೇ 60 ರಿಯಾಯಿತಿ. ಗುಂಪಿನಲ್ಲಿ ಒಂದಾದರೂ ಮಗು ಇರಲೇಬೇಕು. ಐದು ವರ್ಷದೊಳಗಿನವರಿಗೆ ಟಿಕೆಟ್ಟೇ ಇಲ್ಲ.

ಕೂಲಿಗಳು ಇರುವುದಿಲ್ಲ ಅನ್ನುವುದು ನೆನಪಿರಲಿ. ಯಾರು ಎಷ್ಟು ಎತ್ತಬಲ್ಲರೋ ಅಷ್ಟೇ ಸೂಟ್‌ಕೇಸ್.

5. ಬ್ಯಾಗಿಗೆ ಏನು ಹಾಕಬೇಕು

ಕೊಡೆ ದಂಡ, ಅಲ್ಲಿನ ಗಾಳಿಗೆ ಮಗುಚಿಕೊಳ್ಳುತ್ತದೆ. ಟೋಪಿ ಇರುವ ರೇನ್ ಜಾಕೆಟ್ ಪ್ರತಿಯೊಬ್ಬರಿಗೂ ಬೇಕು. ಚೌಕ ಕಡ್ಡಿಯ ಮೂರು ಪಿನ್ ಅಡಾಪ್ಟರ್ ಬೇಕು. ಒಂದು ಪ್ಲಾಸ್ಟಿಕ್ ಚೊಂಬು ಕೂಡ ಇರಲಿ, ಯಾಕೆಂದು ಹೇಳಬೇಕಿಲ್ಲ. ಆರೋಗ್ಯ ವಿಮೆ ಮಾಡಿಸದೆ ಹೊರಡಬೇಡಿ.

ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರಲು ಅಲ್ಲಿ ಬಿಡುವುದಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡಾ ಮನೆಯಲ್ಲೇ ಇರಲಿ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿರಿ. ಅಡುಗೆಮನೆ ಇರುವ ಫ್ಲ್ಯಾಟ್ ಹಿಡಿದರೆ ಅಕ್ಕಿ, ಮೊಸರು, ತರಕಾರಿ ಪಕ್ಕದ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತವೆ. ಹೊರಗೂ ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ. ಮೆನುಗಳಲ್ಲಿ ಗುರುತು ಹಾಕಿರುತ್ತಾರೆ. ಕುರಿಯ ಒಳಾಂಗಗಳಿಂದ ಮಾಡುವ ಸ್ಕಾಟ್ಲೆಂಡಿನ ಹ್ಯಾಗಿಸ್ ಕೂಡ ಸಸ್ಯಾಹಾರಿ ರೂಪದಲ್ಲಿ ಸಿಗುತ್ತದೆ. ಒಗ್ಗರಣೆಯ ಆಸೆ ಬಿಟ್ಟು ತಿಂದರೆ ರುಚಿ ಪರವಾಗಿಲ್ಲ.

6. ಯಾರ್ಕ್‌ನಿಂದ ಗಡಿವರೆಗೆ

ಯಾರ್ಕ್‌ನ ನ್ಯಾಷನಲ್ ರೈಲ್ವೆ ಮ್ಯೂಸಿಯಂಗೆ ಪ್ರವೇಶ ಉಚಿತ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ದಾಖಲೆ ಮಾಡಿದ 'ಮಲ್ಲಾರ್ಡ್' ಅಲ್ಲಿದೆ, ಜಪಾನಿನ ಮೊದಲ ತಲೆಮಾರಿನ ಬುಲೆಟ್ ರೈಲಿನ ಡಬ್ಬಿಯೂ ಇದೆ. ಮಕ್ಕಳನ್ನು ಹೊರಗೆ ಕರೆತರುವುದೇ ಕಷ್ಟ. ಊರಿನ ಕೋಟೆಗೋಡೆಯ ಮೇಲೆ ಸುಮಾರು ಮೂರು ಕಿಲೋಮೀಟರ್ ನಡೆಯಬಹುದು, ಅದಕ್ಕೂ ಟಿಕೆಟ್ ಇಲ್ಲ. ಕೆಲವೆಡೆ ಕಂಬಿ ಇಲ್ಲ, ಚಿಕ್ಕವರ ಕೈ ಹಿಡಿದಿರಿ.

ಉತ್ತರಕ್ಕೆ ಹೋಗುವ ರೈಲಿನಲ್ಲಿ ಬಲಗಡೆಯ ಕಿಟಕಿ ಹಿಡಿಯಿರಿ. 1093ರಲ್ಲಿ ಕಟ್ಟಲು ಶುರುಮಾಡಿದ ಡರ್ಹಮ್ ಕೆಥೆಡ್ರಲ್ ಸೇತುವೆಯ ಮೇಲಿಂದಲೇ ಕಾಣುತ್ತದೆ. ನ್ಯೂಕ್ಯಾಸಲ್‌ನಲ್ಲಿ ಲಗೇಜ್ ಇಟ್ಟು ಕಾಲು ಗಂಟೆಯ ರೈಲಿನಲ್ಲಿ ಡರ್ಹಮ್‌ಗೆ ವಾಪಸ್ ಬಂದು ಅದನ್ನು ಒಳಗಿನಿಂದಲೂ ನೋಡಬಹುದು. ಇನ್ನೊಂದು ದಿನ ಇದ್ದರೆ ರೋಮನ್ನರು ಕ್ರಿ.ಶ. 122ರಲ್ಲಿ ಕಟ್ಟಲು ಶುರುಮಾಡಿದ ಹೇಡ್ರಿಯನ್ ಗೋಡೆಗೆ ಹೋಗಿ. ಉದ್ದ 117 ಕಿಲೋಮೀಟರ್. ಎಲ್ಲ ಕಡೆ ಉಳಿದಿಲ್ಲ, ಹೌಸ್‌ಸ್ಟೆಡ್ಸ್ ಕೋಟೆಯ ಹತ್ತಿರ ಚೆನ್ನಾಗಿದೆ. ಹಳೆಯ ಫೋಟೊಗಳಲ್ಲಿ ಗೋಡೆಯ ಪಕ್ಕ ಕಾಣುವ ಆ ಒಂಟಿ ಮರ ಮಾತ್ರ ಈಗಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕಿಡಿಗೇಡಿಗಳು ಕಡಿದು ಹಾಕಿದರು.

ನ್ಯೂಕ್ಯಾಸಲ್ ದಾಟಿದ ಮೇಲೆ ಮತ್ತೆ ಬಲಗಡೆಯೇ ಕೂರಿ. ಸಮುದ್ರ ಜೊತೆಯಲ್ಲೇ ಬರುತ್ತದೆ.

7. ಎಡಿನ್‌ಬರ್ಗ್

ಫ್ಲ್ಯಾಟ್ ಬುಕ್ ಮಾಡುವ ಮೊದಲು 'ಲಿಫ್ಟ್ ಇದೆಯಾ?' ಅಂತ ಕೇಳಿ. ಹಳೆಯ ಕಲ್ಲಿನ ಕಟ್ಟಡಗಳಲ್ಲಿ ನಾಲ್ಕನೇ ಮಹಡಿಗೂ ಸುತ್ತುಮೆಟ್ಟಿಲೇ ಗತಿ, ಅಜ್ಜಿಯ ಮಂಡಿಗೆ ಅದು ಆಗದು. 2026ರ ಜುಲೈ 24ರಿಂದ ರೂಮ್ ಬಾಡಿಗೆಯ ಮೇಲೆ ಶೇ 5 ಪ್ರವಾಸಿ ತೆರಿಗೆಯೂ ಇದೆ.

ಕೋಟೆಗೆ ಮೊದಲೇ ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಿ. ಮಧ್ಯಾಹ್ನ 1 ಗಂಟೆಗೆ ತೋಪು ಹಾರಿಸುತ್ತಾರೆ, 1861ರಿಂದ ನಡೆದು ಬಂದ ಪದ್ಧತಿ. ಭಾನುವಾರ ಮಾತ್ರ ತೋಪಿಗೂ ರಜೆ. ರಾಜರ ಪಟ್ಟಾಭಿಷೇಕದ ಕಲ್ಲು ಇಲ್ಲೇ ಇದೆ ಎಂದು ಹಳೆಯ ಗೈಡ್‌ಗಳು ಹೇಳುತ್ತವೆ. ಅದು 2024ರಿಂದ ಪರ್ತ್ ಊರಿನ ಮ್ಯೂಸಿಯಂನಲ್ಲಿದೆ. ನ್ಯಾಷನಲ್ ಮ್ಯೂಸಿಯಂ ಉಚಿತ, ತದ್ರೂಪಿ ಕುರಿ ಡಾಲಿ ಅಲ್ಲೇ ನಿಂತಿದೆ. ಎಷ್ಟೇ ಬೆಳಕಿದ್ದರೂ ಇವೆಲ್ಲ ಸಂಜೆ ಐದು-ಆರರ ಸುಮಾರಿಗೆ ಬಾಗಿಲು ಹಾಕುತ್ತವೆ. ಆಮೇಲೆ 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಗುಡ್ಡ ಹತ್ತಬಹುದು.

ಎಡಿನ್‌ಬರ್ಗ್‌ನಿಂದ ಒಂದೇ ದಿನದಲ್ಲಿ ಲಾಕ್ ನೆಸ್ ಸರೋವರ ತೋರಿಸುವ ಬಸ್ ಟೂರ್‌ಗಳಿವೆ. ಸುಮಾರು 12 ಗಂಟೆಯ ಪ್ರಯಾಣ. ಮಕ್ಕಳಿದ್ದರೆ ಆ ತಂಟೆಗೇ ಹೋಗಬೇಡಿ.

8. ಹೈಲ್ಯಾಂಡ್ಸ್‌ಗೆ ಕಾರು

ಎಡಿನ್‌ಬರ್ಗ್ ಬಿಡುವ ದಿನವಷ್ಟೇ ಕಾರು ತೆಗೆದುಕೊಳ್ಳಿ. ಊರೊಳಗೆ ಪಾರ್ಕಿಂಗ್ ದುಬಾರಿ. ನಮ್ಮ ಲೈಸೆನ್ಸ್ 12 ತಿಂಗಳವರೆಗೆ ನಡೆಯುತ್ತದೆ. ಇಲ್ಲಿಯಂತೆ ಅಲ್ಲೂ ಎಡಗಡೆ ಓಡಿಸುವುದು. 12 ವರ್ಷ ಅಥವಾ 135 ಸೆಂಟಿಮೀಟರ್ ಆಗುವವರೆಗೆ ಮಕ್ಕಳಿಗೆ ಬೇರೆ ಸೀಟು ಕಡ್ಡಾಯ, ಕಾರಿನ ಜೊತೆಗೇ ಕೇಳಿ. ಬಂಕ್‌ನಲ್ಲಿ ಹಾಕಿಕೊಡುವವರು ಇರುವುದಿಲ್ಲ, ನೀವೇ ತುಂಬಿಸಬೇಕು. ಹಸಿರು ಪೈಪ್ ಪೆಟ್ರೋಲ್, ಕಪ್ಪು ಡೀಸೆಲ್. ಒಂಟಿ ರಸ್ತೆಗಳಲ್ಲಿ ಅಲ್ಲಲ್ಲಿ 'ಪಾಸಿಂಗ್ ಪ್ಲೇಸ್' ಇರುತ್ತದೆ. ಅದು ಎದುರಿನ ಗಾಡಿಗೆ ದಾರಿ ಬಿಡಲು ಇರುವ ಜಾಗ. ಫೋಟೊ ತೆಗೆಯಲು ಅಲ್ಲಿ ನಿಲ್ಲಿಸಬೇಡಿ, ಸ್ಥಳೀಯರಿಗೆ ಇದಕ್ಕಿಂತ ಸಿಟ್ಟು ಬರಿಸುವುದು ಬೇರೆ ಇಲ್ಲ.

ಗ್ಲೆನ್‌ಕೋ ಕಣಿವೆಯ ಮೂಲಕ ಫೋರ್ಟ್ ವಿಲಿಯಂಗೆ ಮೂರೂವರೆ ಗಂಟೆ. ಹತ್ತಿರದಲ್ಲೇ ಇರುವ ಬೆನ್ ನೆವಿಸ್ 1,345 ಮೀಟರ್. ಮುಳ್ಳಯ್ಯನಗಿರಿಗಿಂತ ಗಿಡ್ಡ ಅಂತ ಸುಮ್ನೆ ಹತ್ತಲು ಹೊರಡಬೇಡಿ, ಮೇ ತಿಂಗಳಲ್ಲೂ ತುದಿಯಲ್ಲಿ ಹಿಮ ಇರುತ್ತದೆ. ಪಕ್ಕದ ನೆವಿಸ್ ರೇಂಜ್ ಗೊಂಡೋಲಾದಲ್ಲಿ (ರೋಪ್‌ವೇ) ಇಡೀ ಮನೆಮಂದಿ ಕೂತೇ ಮೇಲೆ ಹೋಗಬಹುದು.

ಹ್ಯಾರಿ ಪಾಟರ್ ಸಿನಿಮಾದ 21 ಕಮಾನಿನ ಗ್ಲೆನ್‌ಫಿನನ್ ಸೇತುವೆ ದಾಟಲು ಉಗಿಬಂಡಿಯೇ ಬೇಕೆಂದರೆ ಬಹಳ ಮೊದಲೇ ಬುಕ್ ಮಾಡಬೇಕು. ಮ್ಯಾಲೇಗ್‌ಗೆ ಹೋಗುವ ಮಾಮೂಲಿ ರೈಲು ಅದೇ ಹಳಿಯ ಮೇಲೆ, ಕಡಿಮೆ ದರಕ್ಕೆ ಹೋಗುತ್ತದೆ. ಹೋಗುವಾಗ ಎಡಗಡೆ ಕೂರಿ.

ಲಾಕ್ ನೆಸ್‌ನ ದಡದ ಅರ್ಕರ್ಟ್ ಕೋಟೆಗೆ ಫೋರ್ಟ್ ವಿಲಿಯಂನಿಂದ ಒಂದೂವರೆ ಗಂಟೆಯೊಳಗೆ ಹೋಗಬಹುದು. ಈ ಸರೋವರದಲ್ಲಿದೆ ಎಂದು ಹೇಳುವ ದೈತ್ಯ ಪ್ರಾಣಿಯ ಹೆಸರಾಂತ 1934ರ ಫೋಟೊ ಸುಳ್ಳು ಅನ್ನುವುದನ್ನು ಮಕ್ಕಳಿಗೆ ಸರೋವರದ ದೋಣಿ ಇಳಿದ ಮೇಲೆ ಹೇಳಿದರೆ ಸಾಕು. ಇಲ್ಲಿ ಊಟಕ್ಕೆ ಬೇಗ ಹೊರಡಿ, ಸಣ್ಣ ಊರುಗಳ ಹೋಟೆಲ್ ಅಡುಗೆಮನೆ ರಾತ್ರಿ ಎಂಟು, ಎಂಟೂವರೆಗೆ ಮುಚ್ಚಬಹುದು.

ಕಾರನ್ನು ಎಡಿನ್‌ಬರ್ಗ್ ವಿಮಾನ ನಿಲ್ದಾಣದಲ್ಲೇ ವಾಪಸ್ ಕೊಡಿ. ಸ್ಕಾಟ್ಲೆಂಡಿನ ಮೂರು ಬ್ಯಾಂಕುಗಳು ಅಚ್ಚು ಹಾಕಿದ ಪೌಂಡ್ ನೋಟುಗಳು ಜೇಬಿನಲ್ಲಿ ಉಳಿದಿರುತ್ತವೆ. ಇಂಗ್ಲೆಂಡಿನ ಅಂಗಡಿಯವರೇ ಅವನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ, ಇನ್ನು ಬೆಂಗಳೂರಿನಲ್ಲಿ ಬದಲಾಯಿಸಲು ಒದ್ದಾಡುವುದು ಯಾಕೆ? ವಿಮಾನ ಹತ್ತುವ ಮೊದಲು ಶಾರ್ಟ್‌ಬ್ರೆಡ್ ಬಿಸ್ಕತ್ತಿನ ಡಬ್ಬಿಗಳಿಗೆ ಖರ್ಚು ಮಾಡಿಬಿಡಿ.