ಬಿರುದು ನೋಡಿ ಇಸವಿ ಹೇಳುವ ಆಟ: ನನ್ನ ಸುಮೋ ಮೆಂಕೊ ಹುಚ್ಚು

ತೋಕ್ಯೋದ ನಿಶಿ-ಕಸಾಯಿಯಲ್ಲಿ ಮನೆ ಮಾಡಿ ಎರಡು ವರ್ಷವಾಗಿದ್ದರೂ ಸುಮೋ ಅಂದರೆ ನನಗೆ ಸಂಜೆ ಟೀವಿಯಲ್ಲಿ ಬರುವ ಒಂದು ಗದ್ದಲ, ಅಷ್ಟೆ. ಅಲ್ಲಿಂದ ತೊಜಾಯ್ ಲೈನಿನಲ್ಲಿ ನಾಲ್ಕನೇ ನಿಲ್ದಾಣ ಮೊನ್‌ಜೆನ್-ನಕಾಚೊ. ಅಲ್ಲಿನ ತೊಮಿಯೊಕಾ ಹಚಿಮಾನ್ ದೇಗುಲದ ಅಂಗಳದಲ್ಲಿ ಕೆಲವು ಭಾನುವಾರ ಹಳೇ ಸಾಮಾನಿನ ಸಂತೆ ಕೂಡುತ್ತದೆ. ಒಂದು ಟೀ ಕೆಟಲ್ ಹುಡುಕಿಕೊಂಡು ಹೋಗಿದ್ದೆ. ಕೆಟಲ್ ಸಿಗಲಿಲ್ಲ, ತುಕ್ಕು ಹಿಡಿದ ಬಿಸ್ಕತ್ ಡಬ್ಬಿಯ ತುಂಬ ಜಟ್ಟಿಗಳು ಸಿಕ್ಕರು.

ಅವು ಮೆಂಕೊ. ಸುಮೋ ಜಟ್ಟಿಗಳ ಚಿತ್ರವಿರುವ, ಬೆರಳಿಗೆ ಗಟ್ಟಿಯಾಗಿ ಸಿಗುವ ದಪ್ಪ ರಟ್ಟಿನ ಚೀಟಿಗಳು, ಕೆಲವು ದುಂಡಗೆ, ಕೆಲವು ಉದ್ದನೆಯ ಚೌಕ. ಒಬ್ಬ ನೆಲದ ಮೇಲೆ ತನ್ನದನ್ನು ಇಡಬೇಕು, ಇನ್ನೊಬ್ಬ ಪಕ್ಕದಲ್ಲಿ ತನ್ನದನ್ನು ಬೀಸಿ ಹೊಡೆಯಬೇಕು. ಆ ರಭಸಕ್ಕೆ ಕೆಳಗಿನದು ಮಗುಚಿತೋ, ಅದು ಹೊಡೆದವನ ಪಾಲು. ಬೆಂಕಿಪೊಟ್ಟಣದ ಚಿತ್ರಕ್ಕಾಗಿ ಅಂಗಿ ಹರಿದುಕೊಂಡು ಬಡಿದಾಡಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಚೀಟಿಯ ಹಿಂಬದಿಯಲ್ಲಿ ಕಲ್ಲು-ಕಾಗದ-ಕತ್ತರಿಯ ಕೈಚಿತ್ರ, ಒಂದು ಉದ್ದನೆಯ ಅಂಕಿ ಇರುತ್ತವೆ. ಹೊಡೆದು ಸುಸ್ತಾದ ಹುಡುಗರು ಅವುಗಳಿಂದ ಬೇರೆ ಆಟ ಆಡುತ್ತಿದ್ದರು.

ಮೊದಲ ಆರು ತಿಂಗಳು ಸಿಕ್ಕಿದ್ದೆಲ್ಲ ಕೊಂಡೆ. ಒಬ್ಬ ಮಾರಾಟಗಾರ ‘ಶೋವಾ 30ರ ಮಾಲು’ ಎಂದು ಒಂದು ಕಟ್ಟು ಕೊಟ್ಟ. ಶೋವಾ ಅಂದರೆ ಜಪಾನಿನ ಒಬ್ಬ ಚಕ್ರವರ್ತಿಯ ಆಳ್ವಿಕೆಯ ಕಾಲ; ಆ ವರ್ಷಕ್ಕೆ 1925 ಕೂಡಿಸಿದರೆ ನಮ್ಮ ಲೆಕ್ಕ, ಅಂದರೆ 1955. ಮನೆಗೆ ತಂದು ಒಂದೊಂದೇ ಹೆಸರು ಓದುತ್ತಾ ಕೂತರೆ ಅದರಲ್ಲಿ ಯೊಕೊಜುನ ಕಿತಾನೊಉಮಿ! ಆತ ಹುಟ್ಟಿದ್ದೇ 1953ರಲ್ಲಿ. ಯೊಕೊಜುನ, ಅಂದರೆ ಸುಮೋದ ಅತ್ಯುನ್ನತ ಪಟ್ಟ, ಸಿಕ್ಕಿದ್ದು 1974ರಲ್ಲಿ. ಎರಡು ವರ್ಷದ ಮಗುವಿಗೆ ಪಟ್ಟ ಕಟ್ಟಿದ್ದ ಚೀಟಿಯನ್ನು ಕಾಸು ಕೊಟ್ಟು ತಂದಿದ್ದೆ.

ನಾನು ಬುದ್ಧಿ ಕಲಿತದ್ದು ಅಲ್ಲಿಂದಲೇ. ಚೀಟಿಯ ಮೇಲೆ ಇಸವಿ ಇರುವುದು ಅಪರೂಪ, ಆದರೆ ಜಟ್ಟಿಯ ಹೆಸರಿನ ಜೊತೆ ಎಷ್ಟೋ ಸಲ ದರ್ಜೆ ಅಚ್ಚಾಗಿರುತ್ತದೆ. ದರ್ಜೆ ಬದಲಾದ ದಿನ ಇಡೀ ಜಪಾನಿಗೆ ಗೊತ್ತು. ವಕಾನೊಹನ ಎಂಬ ಜಟ್ಟಿ ಒಜೆಕಿ, ಅಂದರೆ ಯೊಕೊಜುನಕ್ಕಿಂತ ಒಂದೇ ಮೆಟ್ಟಿಲು ಕೆಳಗಿನ ದರ್ಜೆಯವನು, ಆಗಿದ್ದು 1955ರ ಸೆಪ್ಟೆಂಬರ್ ಪಂದ್ಯಾವಳಿಯ ನಂತರ, ಯೊಕೊಜುನ ಆಗಿದ್ದು 1958ರ ಆರಂಭದಲ್ಲಿ. ‘ಒಜೆಕಿ’ ಅಂತಿದ್ದರೆ ಅದು ಈ ಎರಡರ ನಡುವಿನದು. ಅವನ ಹೆಸರಿನ ನಡುವಿನ ‘ನೊ’ ಕೂಡ ಸುಳಿವು ಕೊಡುತ್ತದೆ: ಮೊದಲು ಅದು ಒಂದೇ ಓರೆಗೆರೆಯ ಕಟಕಾನ ಅಕ್ಷರ (ಜಪಾನಿನ ಸರಳ ಉಚ್ಚಾರಣಾ ಲಿಪಿ), ಆಮೇಲೆ ಕಾಂಜಿ (ಚೀನಾದಿಂದ ಬಂದ ಚಿತ್ರದಂಥ ಅಕ್ಷರ). ತೈಹೊ ಎಂಬ ಜಟ್ಟಿಯದಂತೂ ಇನ್ನೂ ಮಜಾ. 1960ರ ನವೆಂಬರಿನಲ್ಲಿ ಮೊದಲ ಸಲ ಪಂದ್ಯಾವಳಿ ಗೆದ್ದು ಒಜೆಕಿಯಾದ, 1961ರ ಸೆಪ್ಟೆಂಬರ್ ಪಂದ್ಯಾವಳಿ ಮುಗಿದೊಡನೆ ಕಶಿವಾದೊ ಎಂಬ ಇನ್ನೊಬ್ಬ ಜಟ್ಟಿಯ ಜೊತೆಗೆ ಯೊಕೊಜುನನೂ ಆದ. ಒಟ್ಟು 32 ಸಲ ಗೆದ್ದವನ ‘ಯೊಕೊಜುನ ತೈಹೊ’ ರಾಶಿರಾಶಿ ಸಿಗುತ್ತಾನೆ. ‘ಒಜೆಕಿ ತೈಹೊ’ನ ಆಯಸ್ಸು ಒಂದು ವರ್ಷವೂ ಇಲ್ಲ. ನನಗೆ ಅಂಥದ್ದು ಸಿಕ್ಕಿದ್ದು ಒಂದೇ, ಅದೂ ಒಂದು ಮೂಲೆ ಮುರಿದದ್ದು.

ಕಾಂಜಿ ಓದಲು ನನ್ನ ಪಾಠಶಾಲೆ ಅದೇ ದೇಗುಲ. ಎದೊದಲ್ಲಿ, ಅಂದರೆ ಹಳೆಯ ತೋಕ್ಯೋದಲ್ಲಿ, ಸರ್ಕಾರದ ಒಪ್ಪಿಗೆಯಿಂದ ಸುಮೋ ಮತ್ತೆ ಶುರುವಾದದ್ದು 1684ರಲ್ಲಿ, ಇಲ್ಲೇ. ಹಿಂದುಗಡೆ 1900ರಲ್ಲಿ ನಿಲ್ಲಿಸಿದ ದೊಡ್ಡ ಕಲ್ಲುಗಳಿವೆ, ಯೊಕೊಜುನರ ಹೆಸರು ಸಾಲಾಗಿ ಕೆತ್ತಿದೆ. ಫೋಟೋ ತೆಗೆದು ಫೋನಿನಲ್ಲಿಟ್ಟುಕೊಂಡೆ. ಅಂಗಡಿ ಮುಂದೆ ಕುಕ್ಕರುಗಾಲಲ್ಲಿ ಕೂತು ಚೀಟಿಯ ಅಕ್ಷರ, ಕಲ್ಲಿನ ಅಕ್ಷರ ತಾಳೆ ನೋಡುತ್ತೇನೆ. ರಿಕಿದೋಜಾನ್ ವಿಷಯದಲ್ಲಿ ಮಾತ್ರ ಈ ಕಲ್ಲು ಉಪಯೋಗಕ್ಕಿಲ್ಲ. ಆತ ಯೊಕೊಜುನ ಆಗದೆ 1950ರಲ್ಲೇ ಸುಮೋ ಬಿಟ್ಟು ಆಮೇಲೆ ರೆಸ್ಲಿಂಗಿನಲ್ಲಿ ಹೆಸರು ಮಾಡಿದವನು. ಉದ್ದನೆಯ ಕಪ್ಪು ಟೈಟ್ಸ್ ಹಾಕಿದ ಅವನ ಚೀಟಿಯನ್ನು ಸುಮೋ ಕಟ್ಟಿಗೆ ಸೇರಿಸಿ ರೇಟು ಏರಿಸುತ್ತಾರೆ. ಕಾಲು ನೋಡಿ ಕೊಳ್ಳಿ.

ಇನ್ನು ನನ್ನದೇ ತಪ್ಪಿನ ಕಥೆ. ಚೆನ್ನಾಗಿರುವ ನಲವತ್ತನ್ನು ಮೆತ್ತನೆಯ ಪ್ಲಾಸ್ಟಿಕ್ ಹಾಳೆಯ ಆಲ್ಬಮ್ಮಿಗೆ ತುರುಕಿ ಕಪಾಟಿನಲ್ಲಿ ಇಟ್ಟಿದ್ದೆ. ಜೂನಿನ ಮಳೆ ಹಿಡಿಯಿತು. ಜುಲೈನಲ್ಲಿ ತೆಗೆದರೆ ತೊಚಿನಿಶಿಕಿ ಎಂಬ ಜಟ್ಟಿಯ ಕೆನ್ನೆ ಪ್ಲಾಸ್ಟಿಕ್ಕಿಗೆ ಅಂಟಿತ್ತು, ರಟ್ಟಿನಲ್ಲಿ ಬರೀ ಕಿವಿ, ಜುಟ್ಟು ಉಳಿದಿದ್ದವು. ಕಪ್ಪುಬಿಳುಪು ಫೋಟೋಗೆ ಮೇಲಿಂದ ಬಣ್ಣ ಬಳಿದಂತಿದ್ದ ಆ ಗುಲಾಬಿ ಕೆನ್ನೆಗೇ ನಾನು ಮರುಳಾಗಿದ್ದೆ. ಈಗ ಪಾಲಿಪ್ರೊಪಿಲೀನ್ ಕವರು, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ. ಒದ್ದೆ ಬಟ್ಟೆಯಿಂದ ಒರೆಸುವ ಚಪಲ ಬೇಡವೇ ಬೇಡ. ಹಿಂಬದಿ ಜಿಡ್ಡುಜಿಡ್ಡಾಗಿದ್ದರೆ ಕೊಳೆ ಅಂದುಕೊಳ್ಳಬೇಡಿ. ತೂಕ ಬರಲಿ ಅಂತ ಹುಡುಗರು ಮೇಣ ತಿಕ್ಕಿರುತ್ತಾರೆ. ನನಗಂತೂ ಹೊಚ್ಚ ಹೊಸದಕ್ಕಿಂತ ಅಂಥದ್ದೇ ಇಷ್ಟ.

ಬಿಸ್ಕತ್ ಡಬ್ಬಿಯ ಅಜ್ಜ ಈಗ ಪರಿಚಯ. ಒಮ್ಮೆ ಅವರಿಗೆ ಆ ಕಿತಾನೊಉಮಿಯನ್ನು ತೋರಿಸಿ ಮೋಸಹೋದ ಕಥೆ ಹೇಳಿದೆ. “ಎಲ್ಲಿ, ಕೆಳಗಿಡಿ” ಅಂದರು. ಇಟ್ಟೆ. ಡಬ್ಬಿಯಿಂದ ಅಂಚು ಸವೆದ ಒಂದನ್ನು ಆರಿಸಿ, ಮಂಡಿ ಬಗ್ಗಿಸಿ, ನನ್ನ ಚೀಟಿಯ ಪಕ್ಕಕ್ಕೆ ಪಟ್ ಅಂತ ಹೊಡೆದರು. ಕಿತಾನೊಉಮಿ ಅಂಗಾತ ಹೋಗಿ ಬೋರಲು ಬಿದ್ದ. ಅಜ್ಜ ಮಾತಿಲ್ಲದೆ ಎತ್ತಿ ಡಬ್ಬಿಗೆ ಹಾಕಿಕೊಂಡರು.

ಮುಂದಿನ ಸಂತೆಯಲ್ಲಿ ಅದಕ್ಕೆ 500 ಯೆನ್ ಚೀಟಿ ಅಂಟಿಸಿದ್ದರು.