ಫಿನ್ಸ್‌ಬರಿ ಸೆಂಟ್ರಲ್: ಇಲ್ಲದ ಕ್ಷೇತ್ರವನ್ನು ಹುಡುಕಿದ ಬಗೆ

ದಾದಾಭಾಯಿ ನವರೋಜಿ ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿಬಂದರು ಎಂದು ಶಾಲೆಯಲ್ಲಿ ಓದಿದವರೇ ನಾವೆಲ್ಲ. ಯಾವ ಕ್ಷೇತ್ರದಿಂದ ಎಂದು ಯಾರೂ ಕೇಳಿದ್ದಿಲ್ಲ. ಲಂಡನ್ನಿಗೆ ಬರುವ ಕನ್ನಡದ ಗೆಳೆಯರನ್ನು ಆ ಬೀದಿಗಳಲ್ಲಿ ಸುತ್ತಾಡಿಸಬೇಕು ಅಂದುಕೊಂಡಾಗ ನನಗೆ ಬೇಕಾದದ್ದು ಅದೇ. 1885ರಲ್ಲಿ ಹುಟ್ಟಿ 1918ರಲ್ಲಿ ಅಳಿದ ಫಿನ್ಸ್‌ಬರಿ ಸೆಂಟ್ರಲ್.

ಇಂಥ ಕೆಲಸಕ್ಕೆ ಕೂತವರು ಸಾಮಾನ್ಯವಾಗಿ ಗೆದ್ದವರ ಪಟ್ಟಿ ಹಿಡಿದು ಹೊರಡುತ್ತಾರೆ. ನಾನು ಮೊದಲು ಗಡಿ ಹುಡುಕಿದೆ. ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಹಳೆಯ ಸರ್ವೆ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಹಾಸಿ ನೋಡಬಹುದು, ಅದೂ ಪುಕ್ಕಟೆ. ಕ್ಷೇತ್ರದ ಬಹುಪಾಲು ಗಡಿಯಾರ ಮಾಡುವವರ ಕ್ಲರ್ಕನ್‌ವೆಲ್. 1832ರಿಂದ ಇಬ್ಬರು ಸದಸ್ಯರನ್ನು ಕಳಿಸುತ್ತಿದ್ದ ದೊಡ್ಡ ಫಿನ್ಸ್‌ಬರಿಯನ್ನು 1885ರಲ್ಲಿ ಒಡೆದಾಗ ಸಿಕ್ಕ ತುಂಡುಗಳಲ್ಲಿ ಸೆಂಟ್ರಲ್ ಒಂದಾದರೆ ಹೋಬರ್ನ್ ಇನ್ನೊಂದು. ನವರೋಜಿ 1886ರಲ್ಲಿ ಸೋತದ್ದು ಆ ಹೋಬರ್ನಿನಲ್ಲೇ! ಭಾಗವಾದ ಮನೆಯ ಒಂದು ಕೋಣೆಯಲ್ಲಿ ಸೋತು ಪಕ್ಕದ ಕೋಣೆಯಲ್ಲಿ ಗೆದ್ದ ಹಾಗಾಯಿತು. ನಡುವೆ 1888ರಲ್ಲಿ, ಕರಿಯನೊಬ್ಬನನ್ನು ಇಂಗ್ಲಿಷ್ ಮತದಾರರು ಆರಿಸಲಾರರು ಎಂಬರ್ಥದಲ್ಲಿ ಮಾತಾಡಿದ ಪ್ರಧಾನಿ ಸಾಲ್ಸ್‌ಬರಿ, ನವರೋಜಿಯವರ ಹೆಸರನ್ನು ಪುಕ್ಕಟೆಯಾಗಿ ದೇಶವಿಡೀ ಹಬ್ಬಿಸಿದ.

ಆಮೇಲೆ ಮತದಾನದ ಹಕ್ಕಿನ ಕಾಯಿದೆ ಓದಿದೆ. ಒಣ ವಿಷಯವೇ, ಆದರೆ ತಿರುಳೆಲ್ಲ ಅಲ್ಲಿದೆ. ಹೆಂಗಸರಿಗೆ ಮತವಿಲ್ಲ. ಮನೆ ಹಿಡಿದ ಗಂಡಸು 12 ತಿಂಗಳು ವಾಸವಿದ್ದಿರಬೇಕು. ವರ್ಷಕ್ಕೆ 10 ಪೌಂಡ್ ಬಾಳುವ ಕೋಣೆಯಲ್ಲಿದ್ದವನು ಪಟ್ಟಿಯಲ್ಲಿ ಉಳಿಯಲು ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು. ಒಂದೊಂದು ಮನೆಯಲ್ಲಿ ಹಲವು ಸಂಸಾರಗಳು ತುಂಬಿದ್ದ ಕ್ಲರ್ಕನ್‌ವೆಲ್‌ನಲ್ಲಿ ಪಕ್ಷದವರು ಮೆಟ್ಟಿಲು ಹತ್ತಿಳಿದು ಬರೆಸಿದ ಅರ್ಜಿಗಳಿಗೆ ಎಷ್ಟು ಬೆಲೆಯಿತ್ತೆಂದು 1892ರ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ನವರೋಜಿ 2,961, ಎದುರಾಳಿ ಪೆಂಟನ್ 2,956. ಪಕ್ಕದ ಪೆಂಟನ್‌ವಿಲ್ ಬಡಾವಣೆಗೆ ಹೆಸರು ಬಂದದ್ದು ಆ ಸೋತವನ ಮನೆತನದಿಂದ. ಗೆಳೆಯರಿಗೆ ಪೆಂಟನ್ ಸ್ಟ್ರೀಟ್ ಫಲಕ ತೋರಿಸದೆ ನಾನು ಬಿಡುವುದಿಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ. 1895ರಲ್ಲಿ ನವರೋಜಿ ಸೋತರು. 1906ರಲ್ಲಿ ಕಾರ್ಮಿಕ ಮುಖಂಡ ಸ್ಟೆಡ್‌ಮನ್ ಗೆದ್ದ, 1910ರಿಂದ ಕೊನೆಯವರೆಗೂ ಕನ್ಸರ್ವೇಟಿವ್ ಪಕ್ಷದ ಆರ್ಚರ್-ಶೀ. 1918ರಲ್ಲಿ ಫಿನ್ಸ್‌ಬರಿ ಮತ್ತೆ ಒಂದೇ ಕ್ಷೇತ್ರವಾಯಿತು, 1950ರಲ್ಲಿ ಶೋರ್‌ಡಿಚ್ ಜೊತೆ ಸೇರಿತು. ಈಗ ಇಸ್ಲಿಂಗ್ಟನ್ ಸೌತ್ ಅಂಡ್ ಫಿನ್ಸ್‌ಬರಿ.

ನಡೆದು ನೋಡುವವರು ರೋಸ್‌ಬರಿ ಅವೆನ್ಯೂದ ಹಳೆಯ ಟೌನ್‌ಹಾಲಿನಿಂದ ಹೊರಡಿ. ನವರೋಜಿಯವರ ಸ್ಮರಣಫಲಕ ಅಲ್ಲಿದೆ, ನವರೋಜಿ ಸ್ಟ್ರೀಟ್ ಅಲ್ಲೇ ಹತ್ತಿರದಲ್ಲಿದೆ.